ಬಾಗಿಲ ಸದ್ದಾಗಿ ಉಳಿದ ಕ್ಯಾಪ್ಟನ್

ಮಾಸ್ತರರ ಎಡಗಿವಿ ಬಲಗಿವಿಗಿಂತ ಎದ್ದು ಕಾಣುವಷ್ಟು ಮುಂದಕ್ಕೆ ಬಾಗಿತ್ತು. ಮಾತನಾಡುವಾಗಲೆಲ್ಲ ಎಡ ಅಂಗೈಯನ್ನು ಕಿವಿಯ ಹಿಂದೆ ಬಟ್ಟಲಿನಂತೆ ಹಿಡಿದು ತಮ್ಮ ದನಿಯನ್ನು ತಾವೇ ಕೇಳಿಸಿಕೊಳ್ಳುವುದು ಅವರ ರೂಢಿ. ಎಳವೆಯಲ್ಲಿ ದೊಡ್ಡಾಟದ ಅಟ್ಟದ ಮೇಲೆ ನಿಂತು ಕಲಿತ ಈ ಅಭ್ಯಾಸವನ್ನು ಅವರು ಮಾನ್ವಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ಕಾಲದುದ್ದಕ್ಕೂ ಬಿಡಲಿಲ್ಲ. ಹಿಂದಿನ ಬೆಂಚಿನ ಮಕ್ಕಳು ಕಿವಿ ಹಿಡಿದುಕೊಂಡು ಅಣಕಿಸುತ್ತಿದ್ದರಂತೆ. ಅದನ್ನು ಅವರೇ ಹೇಳಿ ನಗುತ್ತಿದ್ದರು.

ನಾನು ಅವರ ವಿದ್ಯಾರ್ಥಿಯಲ್ಲ. ಶಾಸನಗಳಲ್ಲಿ ಬರುವ ತಿಥಿ, ವಾರ, ನಕ್ಷತ್ರಗಳನ್ನು ತಾಳೆ ನೋಡಿ ಕಾಲ ನಿರ್ಣಯಿಸುವ ಕೆಲಸದಲ್ಲಿ ಆಯುಷ್ಯ ಕಳೆದು, ನಿವೃತ್ತನಾಗಿ ರಾಯಚೂರಿನಲ್ಲಿ ನೆಲೆಸಿದ ಮೇಲೆ ಅವರ ಪರಿಚಯವಾಯಿತು. ಒಂದು ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ಮನೆಗೆ ಬಂದು, ಕುಳಿತುಕೊಳ್ಳುವ ಮೊದಲೇ, "ಸಂಶೋಧಕ್ರ, ನನ್ನ ನಾವಿಗೊಂದು ಪಂಚಾಂಗ ಬೇಕಾಗ್ಯಾದ" ಎಂದರು. ಯಾವ ನಾವೆ ಎಂದು ಕೇಳಿದೆ. "ಆಕಾಶದಾಗ ನಡಿಯೋದು" ಎಂದರು.

ನಗರದ ಸಮುದಾಯ ಬಾನುಲಿ ಕೇಂದ್ರವೊಂದರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಬಿತ್ತರವಾಗುತ್ತಿದ್ದ ವೈಜ್ಞಾನಿಕ ಧಾರಾವಾಹಿ ಅವರದು. ಅವರೇ ಬರೆಯುತ್ತಿದ್ದರು, ಅದರ ನಾಯಕನಿಗೆ ದನಿಯನ್ನೂ ಅವರೇ ಕೊಡುತ್ತಿದ್ದರು. ಅದು ಯುಗಾದಿಯಂದು ಆರಂಭವಾಯಿತೆಂದು ಅಭಿಮಾನಿಗಳೆಲ್ಲ ಈಗಲೂ ಹೇಳುತ್ತಾರೆ. ಕೇಂದ್ರದವರನ್ನು ವಿಚಾರಿಸಿದೆ, ಅದು ತಪ್ಪು, ಶಿವರಾತ್ರಿಯ ಮರುವಾರವೇ ಆರಂಭವಾಗಿತ್ತು. ನಾಯಕನಿಗೆ ಹೆಸರಿರಲಿಲ್ಲ, ಕ್ಯಾಪ್ಟನ್ ಎಂದಷ್ಟೇ. ನಕ್ಷತ್ರಗಳ ನಡುವೆ ನಾವೆ ನಡೆಸುವ ಆ ಕ್ಯಾಪ್ಟನ್ ನಮ್ಮ ಸೀಮೆಯ ಮಾತನ್ನೇ ಆಡುತ್ತಿದ್ದ. ಕುದಿಯುವ ಗ್ರಹವೊಂದರ ಮೇಲೆ ಮೊದಲ ಹೆಜ್ಜೆಯಿಟ್ಟು ಆತ ತನ್ನ ಸಂಗಡಿಗರಿಗೆ ಹೇಳಿದ್ದು: "ಅಂಜಬ್ಯಾಡ್ರಿ, ನಾವು ರಾಯಚೂರಿನ ಬ್ಯಾಸಗಿ ಕಂಡವ್ರು." ಮುಂದೆ ಎರಡು ತಿಂಗಳು ಬಸ್ ನಿಲ್ದಾಣದ ಚಹಾದಂಗಡಿಗಳಲ್ಲಿ ಈ ಮಾತು ಕೇಳದ ದಿನವಿರಲಿಲ್ಲ.

ಬಾನುಲಿಯ ಅಲೆಗಳು ನಗರದಾಚೆ ಬಹುದೂರ ಮುಟ್ಟುತ್ತಿರಲಿಲ್ಲ. ಗಿಲ್ಲೆಸುಗೂರಿನವರು ಹೇಗೋ ಹಿಡಿಯುತ್ತಿದ್ದರು. ಮಾನ್ವಿ, ದೇವದುರ್ಗಗಳಿಗೆ ಸಂಚಿಕೆ ವಾಟ್ಸಾಪಿನಲ್ಲಿ ಹೋಗುತ್ತಿತ್ತು. ದೇವದುರ್ಗದ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಅಲ್ಲಿನ ಅಭಿಮಾನಿಗಳ ಗುಂಪು ಕಟ್ಟಿದ್ದರು. ಅವರು ಮಾಸ್ತರರ ಹಳೆಯ ವಿದ್ಯಾರ್ಥಿ. ಭಾನುವಾರ ಬೆಳಿಗ್ಗೆ ಗಿರಣಿಯ ಯಂತ್ರ ನಿಲ್ಲಿಸಿ, ಹಮಾಲರನ್ನೆಲ್ಲ ಚೀಲಗಳ ಮೇಲೆ ಕೂರಿಸಿ, ಫೋನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ ಕೇಳಿಸುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ನಾವೆಯ ಕಾಲಗಣನೆ. ಸೂರ್ಯೋದಯವೇ ಇಲ್ಲದಲ್ಲಿ ತಿಥಿ ಹೇಗೆ, ಒಂದು ಹಗಲೇ ನಮ್ಮ ಹಲವು ತಿಂಗಳಷ್ಟಿರುವ ಗ್ರಹದಲ್ಲಿ ವಾರ ಹೇಗೆ ಎಂದು ನಾವಿಬ್ಬರೂ ಗಂಟೆಗಟ್ಟಲೆ ವಾದಿಸುತ್ತಿದ್ದೆವು. ಅಂಥ ಗ್ರಹದ ಕುರಿತು ಅವರೊಮ್ಮೆ, "ಅಲ್ಲಿ ಸೋಮವಾರದ ಒಪ್ಪತ್ತು ಹಿಡದಾಂವ ಮಂಗಳವಾರ ನೋಡಂಗಿಲ್ಲ ಬಿಡ್ರಿ" ಎಂದರು. ಮರುವಾರ ಆ ಮಾತು ಕ್ಯಾಪ್ಟನ್ನನ ಬಾಯಲ್ಲಿತ್ತು. ಸತ್ತ ಅರಸರ ತೇದಿಗಳನ್ನಷ್ಟೇ ಎಣಿಸಿ ಒಣಗಿದ್ದ ನನ್ನ ವಿದ್ಯೆಗೆ, ಇನ್ನೂ ಹುಟ್ಟದವರ ಹಬ್ಬಗಳನ್ನು ಲೆಕ್ಕ ಹಾಕುವ ಕೆಲಸ ಕೊಟ್ಟವರು ಅವರು. ಆ ಋಣ ದೊಡ್ಡದು.

ಕಳೆದ ಚಳಿಗಾಲ ಅವರ ದನಿ ಒಡೆಯತೊಡಗಿತು. ಗಂಟಲಲ್ಲಿ ಗಂಟು ಬೆಳೆದಿದೆ, ಮಾತು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದರು. ಕ್ಯಾಪ್ಟನ್ನನನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಮಾಸ್ತರರು ಉತ್ತರವನ್ನು ಆಗಲೇ ಹುಡುಕಿಟ್ಟಿದ್ದರು. ಶಿಕ್ಷಕರ ತರಬೇತಿಯೊಂದರಲ್ಲಿ ಮೈಕು ಕೆಟ್ಟಾಗ, ಹಿಂದಿನ ಸಾಲಿನ ಶಿಕ್ಷಕಿಯೊಬ್ಬರು ಎದ್ದು ನಿಂತು ಇಡೀ ಸಭಾಂಗಣಕ್ಕೆ ಸೂಚನೆಗಳನ್ನು ಓದಿ ಹೇಳಿದ್ದರು. ಆಕೆ ಮಟಮಾರಿ ಊರಿನವರು; ತಾಯಿ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ಮಗಳನ್ನು ಓದಿಸಿದ್ದರು. "ಆ ದನಿಯಾಗ ಅಂಜಿಕಿ ಇಲ್ಲ, ಅವಸರಾನೂ ಇಲ್ಲ" ಎಂದು ಮಾಸ್ತರರು ನನಗೆ ಹೇಳಿದರು. "ನಾವಿ ನಡಸಾಕ ಮತ್ತೇನು ಬೇಕ್ರಿ?"

ಕ್ಯಾಪ್ಟನ್ನನ ಬೀಳ್ಕೊಡುಗೆ ಸಂಚಿಕೆಯನ್ನು ಕೇಂದ್ರ ಘೋಷಿಸಿದ್ದೇ ಅಭಿಮಾನಿಗಳು ಇಬ್ಭಾಗವಾದರು. ಗಿರಣಿಯ ಮಾಲೀಕರ ಗುಂಪಿಗೆ ವೀರಮರಣ ಬೇಕಿತ್ತು: ನಾವೆ ಉಳಿಸಿ ಕ್ಯಾಪ್ಟನ್ ಸಾಯಬೇಕು, ಕೇಳಿದವರು ಅಳಬೇಕು. ರಾಯಚೂರಿನ ಕೆಲವರು, ಇಷ್ಟು ವರ್ಷ ದುಡಿದ ಕ್ಯಾಪ್ಟನ್ ಊರಿಗೆ ಮರಳಿ ಬೇವಿನ ನೆರಳಿನಲ್ಲಿ ಕೂರಲಿ ಎಂದರು. ಮಾಸ್ತರರು ಎರಡನ್ನೂ ಒಲ್ಲೆನೆಂದರು. ಅವರ ಮನಸ್ಸಿನಲ್ಲಿದ್ದುದು ಅವರ ಮನೆತನದ ಮೇಳದ ಪದ್ಧತಿ.

ಅವರು ಹುಟ್ಟಿದ ಕುರ್ಡಿಯಲ್ಲಿ ಅವರ ಅಜ್ಜ, ತಂದೆ ದೊಡ್ಡಾಟ ಕಟ್ಟಿದವರು. ಆ ಮೇಳದಲ್ಲಿ ಪಾತ್ರಧಾರಿಗೆ ವಯಸ್ಸಾದರೆ, ಕೊನೆಯ ಆಟದಂದು ಪದದ ನಡುವೆ ಬೇಕೆಂದೇ ಮಾತು ನಿಲ್ಲಿಸುತ್ತಿದ್ದ. ಹಿಂದಿನಿಂದ ಹೊಸಬ ಎದ್ದು ಅದೇ ಸಾಲನ್ನು ಪೂರ್ತಿ ಮಾಡುತ್ತ ಮುಂದೆ ಬರುತ್ತಿದ್ದ. ಹಳಬ ಗೆಜ್ಜೆ ಬಿಚ್ಚಿ ಅವನ ಕಾಲಿಗೆ ಕಟ್ಟಿ, ತಾನು ಹೋಗಿ ಹಿಮ್ಮೇಳದಲ್ಲಿ ಕೂಡುತ್ತಿದ್ದ. ಯಾರೂ ಏನನ್ನೂ ಘೋಷಿಸುತ್ತಿರಲಿಲ್ಲ. ಪಾತ್ರ ಕೈಬದಲಾಗಿದೆ ಎಂದು ಜನಕ್ಕೆ ತಿಳಿಯುತ್ತಿತ್ತು.

"ಬಾನುಲಿಯಲ್ಲಿ ಗೆಜ್ಜೆ ಕಾಣುವುದಿಲ್ಲವಲ್ಲ, ಜನರಿಗೆ ಹೇಗೆ ತಿಳಿದೀತು?" ಎಂದು ಕೇಳಿದೆ.

"ಆಟ ನೋಡಿದ ಮಂದಿಗೆ ಇದನ್ನ ಬಿಡಿಸಿ ಹೇಳಬೇಕೇನ್ರಿ? ಹೇಳಿದ್ರ ಅಪಮಾನ ಮಾಡಿದಂಗ ಆಗ್ತದ."

ಮುಂದೆ ಈ ಪದ್ಧತಿಯ ಬಗ್ಗೆ ನಾನು ಸುತ್ತಲಿನ ಊರುಗಳ ಹಿರಿಯ ಕಲಾವಿದರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಯಾರಿಗೂ ಅದು ಗೊತ್ತಿರಲಿಲ್ಲ. ಅದು ಅವರ ಮನೆಯ ಮೇಳದಲ್ಲಿ ಮಾತ್ರ ಇದ್ದು, ಆ ಮೇಳದೊಡನೆಯೇ ಮುಗಿದಿತ್ತು. ಇಡೀ ನಾಡಿಗೆ ಗೊತ್ತೆಂದು ಅವರು ನಂಬಿದ್ದುದು ಅವರೊಬ್ಬರ ನೆನಪಿನಲ್ಲಿ ಉಳಿದಿತ್ತು.

ಬೀಳ್ಕೊಡುಗೆ ಸಂಚಿಕೆ ಬಿತ್ತರವಾದ ಭಾನುವಾರ ನಾನೂ ಮಟಮಾರಿಯ ಶಿಕ್ಷಕಿಯೂ ಮಾನ್ವಿಯಲ್ಲಿ ಮಾಸ್ತರರ ಮನೆಯಲ್ಲಿ ಅದನ್ನು ಫೋನಿನಲ್ಲಿ ಕೇಳುತ್ತಿದ್ದೆವು. ಸಂಚಿಕೆಯ ಕೊನೆಯಲ್ಲಿ, ನಾವೆ ಉಲ್ಕೆಗಳ ನಡುವೆ ಸಿಕ್ಕಿಕೊಂಡಾಗ, ಮಾಸ್ತರರ ಒಡೆದ ದನಿ ಕೇಳಿಸಿತು: "ಈ ನಾವಿ ನಂದಲ್ಲ. ನಡಸೋ ಕೈ ಬದಲಾಗ್ತಾವ, ಆದ್ರ ದಾರಿ..." ಅಲ್ಲಿಗೆ ಅದು ನಿಂತಿತು. ಒಂದು ಉಸಿರಿನಷ್ಟು ಮೌನ. ಆಮೇಲೆ ಶಿಕ್ಷಕಿಯ ದನಿ: "ದಾರಿ ನಿಂದ್ರಂಗಿಲ್ಲ. ಎಡಕ್ಕ ಹೊಳ್ಳಸ್ರಿ, ನಡೀರಿ ಮುಂದ." ನನಗೆ ಮೈ ನವಿರೆದ್ದಿತು. ಮಾಸ್ತರರು ಶಿಕ್ಷಕಿಯತ್ತ ನೋಡಿ ತಲೆಯಾಡಿಸಿದರು. ಅಮ್ಮನವರು, ಎಂದರೆ ಅವರ ಪತ್ನಿ, ಎಲ್ಲರಿಗೂ ರೊಟ್ಟಿ ಬಡಿಸಲು ಎದ್ದರು.

ರೊಟ್ಟಿ ಮುಗಿಯುವ ಮೊದಲೇ ಫೋನುಗಳು ಬರತೊಡಗಿದವು. ಎಲ್ಲರದೂ ಒಂದೇ ದೂರು: ಫೈಲು ಅರ್ಧಕ್ಕೆ ತುಂಡಾಗಿದೆ. ಅಳಿಸಿ ಮತ್ತೆ ಇಳಿಸಿಕೊಂಡರೂ ಹಾಗೇ ಇದೆ, ಸರಿಯಾದದ್ದನ್ನು ಕಳಿಸಿ. ಮಧ್ಯಾಹ್ನದ ಹೊತ್ತಿಗೆ ಫೋನುಗಳು ನಿಂತವು. ಯಾಕೆ ನಿಂತವೆಂಬುದು ತಿಳಿದದ್ದು ಬಿಸಿಲು ಇಳಿಯುವಾಗ, ದೇವದುರ್ಗದಿಂದ ಟೆಂಪೋ ಒಂದು ಬಂದು ಬಾಗಿಲ ಮುಂದೆ ನಿಂತಾಗ. ಅದರಿಂದ ಗಿರಣಿಯ ಮಾಲೀಕರು, ನಾಲ್ಕಾರು ಹಮಾಲರು, ವಯಸ್ಸಾದ ಒಬ್ಬ ಹೆಣ್ಣುಮಗಳು ಸದ್ದಿಲ್ಲದೆ ಇಳಿದರು. ಮಾಲೀಕರ ಕೈಯಲ್ಲಿ ತೋಳಿನಷ್ಟು ದಪ್ಪದ ಚೆಂಡುಹೂವಿನ ಮಾಲೆಯಿತ್ತು. ಮಾಸ್ತರರು ಕಟ್ಟೆಯ ಮೇಲೆ ಕುಳಿತು ಕಾಲಿನ ಉಗುರು ತೆಗೆಯುತ್ತಿದ್ದರು.

ಬಂದವರು ನಿಂತಲ್ಲೇ ನಿಂತರು. ಮಾಸ್ತರರು ತಲೆಯೆತ್ತಿ, "ಬರ್ರಿ, ಬರ್ರಿ. ಮಾಲಿ ಯಾರಿಗೆ ತಂದೀರಿ?" ಎಂದರು.

ಮಾಲೀಕರು ಹಮಾಲರ ಮುಖ ನೋಡಿದರು. "ನಿಮಗ್ರೀ ಮಾಸ್ತರ... ಸನ್ಮಾನಕ್ಕ."

"ಸನ್ಮಾನಕ್ಕ ಊದಿನಕಡ್ಡಿನೂ ತಂದೀರಲ್ಲ" ಎಂದರು ಮಾಸ್ತರರು.

ಮುದುಕಿ ತಡೆಯಲಾರದೆ ಮುಂದೆ ಬಂದು ಅವರ ಗಲ್ಲ ಮುಟ್ಟಿ ನೋಡಿದಳು. "ಯಪ್ಪಾ, ಮಾತಾಡತಾ ಮಾತಾಡತಾ ಜೀವ ಹೋತು ಅಂದ್ರೋ. ನಾ ದಾರಿತುಂಬ ಅತ್ಕೊಂತ ಬಂದೀನಿ."

"ಅತ್ತಿದ್ದು ದಂಡ ಆತು ನೋಡಬೇ" ಎಂದು ಮಾಸ್ತರರು ನಕ್ಕರು. ಎಲ್ಲರೂ ನಕ್ಕರು. ಮಾಲೆ ಅವರ ಕೊರಳಿಗೆ ಬಿತ್ತು; ಊದಿನಕಡ್ಡಿಯ ಕಟ್ಟನ್ನು ಅಮ್ಮನವರು ದೇವರ ಮನೆಗೆ ಒಯ್ದರು.

ಆ ನಗೆಯ ನಡುವೆ ಮಾಸ್ತರರು ಕೇಳಿದ ಒಂದು ಪ್ರಶ್ನೆ ಎಲ್ಲವನ್ನೂ ತಿರುಗಿಸಿತು. "ಅಲ್ರೋ, ನನ್ನ ದನಿ ನಿಂತ ಮ್ಯಾಲ ಇನ್ನೊಂದು ದನಿ ಬಂತಲ್ಲ, ಅದನ್ನ ಕೇಳಲಿಲ್ಲೇನು?"

"ಬಂತ್ರಿ" ಎಂದರು ಮಾಲೀಕರು. "ಯಾವದೋ ಹೆಣಮಗಳು ಏನೋ ಹೇಳಿದ್ಲು. ರೇಡಿಯೋದವ್ರು ನಡುನಡುವ ಪೋಲಿಯೋ ಹನಿ ಹಾಕಸ್ರಿ ಅಂತ ಹೇಳ್ತಾರಲ್ರಿ, ಅದಾ ಇರಬೇಕಂತ ಬಂದ್ ಮಾಡಿದ್ವಿ."

ಮಾಸ್ತರರ ಮುಖದಲ್ಲಿ ನಗೆ ಇಳಿದುಹೋದದ್ದನ್ನು ನಾನು ನೋಡಿದೆ. ತಮ್ಮ ಸಾವಿನ ಸುದ್ದಿಗೆ ಕಂಗೆಡದವರು ಈ ಮಾತಿಗೆ ಕಂಗೆಟ್ಟಿದ್ದರು. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಶಿಕ್ಷಕಿ ಹೊರಬಂದು ಮಾಲೀಕರ ಕೈಗೆ ತಂಬಿಗೆ ಕೊಟ್ಟರು. "ಆ ಪೋಲಿಯೋ ಹನಿ ನಾನ ರೀ. ನೀರು ಕುಡೀರಿ" ಎಂದರು.

ಮಾಸ್ತರರು ಆಗ, ಬಿಡಿಸಿ ಹೇಳುವುದು ಅಪಮಾನವೆಂದು ಬಗೆದದ್ದನ್ನೆಲ್ಲ, ಒಡೆದ ದನಿಯಲ್ಲಿ ಬಿಡಿಸಿ ಹೇಳಿದರು. ಕ್ಯಾಪ್ಟನ್ ಸತ್ತಿಲ್ಲ, ಊರಿಗೂ ಬಂದಿಲ್ಲ. ಇನ್ನು ಮುಂದೆ ಕ್ಯಾಪ್ಟನ್ ಮಟಮಾರಿಯ ಈ ಶಿಕ್ಷಕಿಯೇ. ಮಾಲೀಕರು ನೀರು ಕುಡಿಯದೆ ತಂಬಿಗೆ ಕೆಳಗಿಟ್ಟರು.

"ಮಾಸ್ತರ, ಕ್ಯಾಪ್ಟನ್ ಅಂದ್ರ ನೀವು. ಇನ್ನೊಬ್ರು ಹೆಂಗ ಆಗ್ತಾರ? ಸಾಯಿಸಿದ್ರ ಅತ್ತು ಸುಮ್ನಾಗ್ತಿದ್ವಿ. ಅದೂ ಹೆಣಮಗಳು ನಾವಿ ನಡಸ್ತಾಳಂದ್ರ..."

"ನಿನ್ನ ಮನಿ ಯಾರು ನಡಸಾಕತ್ತಾರೋ? ನೀನಾ?" ಎಂದಳು ಮುದುಕಿ. ಹಮಾಲರು ನಗು ತಡೆದುಕೊಂಡರು.

ಮಾಲೀಕರು ಶಿಕ್ಷಕಿಯತ್ತ ತಿರುಗಿ, ದನಿ ಇಳಿಸಿ ಕೇಳಿದರು: "ಮಟಮಾರಿ ಅಂದ್ರಿ. ಯಾರ ಪೈಕಿ?"

"ಹತ್ತಿ ಬಿಡಿಸೋರ ಪೈಕಿ ರೀ."

ಟೆಂಪೋ ಹೊರಡುವಾಗ ಮಾಲೀಕರು ಮಾಸ್ತರರ ಕಾಲು ಮುಟ್ಟಿ, "ನಾವು ಇನ್ನ ಕೇಳಂಗಿಲ್ರಿ ಮಾಸ್ತರ. ಸಿಟ್ಟಾಗಬ್ಯಾಡ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದರು. ಸಂಜೆಯೊಳಗೆ ಅವರು ಧಾರಾವಾಹಿಯ ವಾಟ್ಸಾಪ್ ಗುಂಪಿನಿಂದ ಹೊರಬಿದ್ದರು. ಅವರ ಹಿಂದೆ ದೇವದುರ್ಗದವರೆಲ್ಲ ಹೊರಬಿದ್ದರು. ಮಾನ್ವಿಯವರಲ್ಲಿ ಕೆಲವರು ಹೊಸ ದನಿ ಚೆನ್ನಾಗಿದೆ ಎಂದು ಬರೆದರು. ಬೇರೆ ಕೆಲವರು, ಸಾಯುವ ದೃಶ್ಯವನ್ನು ಮತ್ತೆ ಮಾಡಿಸಿ, ಖರ್ಚು ನಾವು ಕೊಡುತ್ತೇವೆ ಎಂದರು. ರಾಯಚೂರಿನ ಒಬ್ಬರು, ಹಳೆಯ ಸಂಚಿಕೆಗಳನ್ನೇ ಮೊದಲಿನಿಂದ ಹಾಕಿದರೆ ಯಾರಿಗೂ ತಕರಾರಿಲ್ಲ ಎಂಬ ಉಪಾಯ ಸೂಚಿಸಿದರು.

ಮಾಸ್ತರರನ್ನು ಕಾಡಿದ್ದು ಈ ಟೀಕೆಗಳಲ್ಲ. ಪಾತ್ರವನ್ನು ತಾವು ಕೊಟ್ಟ ರೀತಿಯಿಂದಾಗಿ ಆ ಹೆಣ್ಣುಮಗಳ ಮೊದಲ ಮಾತೇ ಯಾರ ಕಿವಿಗೂ ಬೀಳದೆ ಹೋಯಿತು ಎಂಬುದು. "ಗೆಜ್ಜಿ ಕಟ್ಟಿದೆ ಅಂದ್ಕೊಂಡಿದ್ದೆ ಸಂಶೋಧಕ್ರ, ಮುಳ್ಳು ಕಟ್ಟೀನಿ" ಎಂದರು. ಕೇಂದ್ರದವರು, ನಿಮ್ಮ ದನಿಯಲ್ಲೇ ಒಂದು ಪ್ರಕಟಣೆ ಹೇಳಿಬಿಡಿ, ಜನ ಒಪ್ಪುತ್ತಾರೆ ಎಂದರು. ಮೊದಲು ಒಲ್ಲೆನೆಂದವರು ಕೊನೆಗೆ ಒಪ್ಪಿ ರಾಯಚೂರಿಗೆ ಬಂದರು. ಮೈಕಿನ ಮುಂದೆ ಕುಳಿತು ಎಡಗೈಯನ್ನು ಕಿವಿಗಿಟ್ಟರು. ಹೊರಬಂದದ್ದು ಬರೀ ಗಾಳಿ. ಮತ್ತೆ ಪ್ರಯತ್ನಿಸಿದರು. ಆಮೇಲೆ ಕೈ ಇಳಿಸಿ, ನೀರು ಬೇಡವೆಂದು ಸನ್ನೆ ಮಾಡಿ ಎದ್ದರು.

ಅದರ ಮರುವಾರ ಅವರು ತಮ್ಮ ತಗಡಿನ ಟ್ರಂಕನ್ನು ಬಸ್ಸಿನಲ್ಲಿ ಹಾಕಿಕೊಂಡು ಧ್ವನಿಮುದ್ರಣಕ್ಕೆ ಬಂದುಬಿಟ್ಟರು. ಶಿಕ್ಷಕಿ ಮೈಕಿನ ಮುಂದೆ ನಿಂತಿದ್ದರು. ಮಾಸ್ತರರು ಅವರ ಹಿಂದೆ ನೆಲದ ಮೇಲೆ ಕುಳಿತರು. ನಾವೆಯ ಬಾಗಿಲು ತೆರೆಯುವ ಸನ್ನಿವೇಶ ಬಂದಾಗ ಟ್ರಂಕಿನ ಮುಚ್ಚಳವನ್ನು ಹದವಾಗಿ ಎತ್ತಿದರು. ತುಕ್ಕು ಹಿಡಿದ ಕೀಲು ನರಳಿತು. ಅಂತರಿಕ್ಷದ ಬಾಗಿಲು ಇದಕ್ಕಿಂತ ಬೇರೆ ರೀತಿ ಸದ್ದು ಮಾಡಲಾರದು ಎನಿಸಿತು. ಅಂದಿನಿಂದ ಪ್ರತಿವಾರ ಅವರು ಹಿಮ್ಮೇಳಕ್ಕೆ ಕುಳಿತರು. ನಾವೆಯ ಯಂತ್ರ, ಉಲ್ಕೆಯ ಪೆಟ್ಟು, ಉಸುಕಿನ ಗ್ರಹದ ಮೇಲೆ ಹೆಜ್ಜೆಯ ಸಪ್ಪಳ, ಎಲ್ಲವೂ ಮರ, ಚರಿಗೆ, ಜೋಳ ತುಂಬಿದ ಚೀಲದಿಂದ ಅವರ ಕೈಯಲ್ಲಿ ಹುಟ್ಟಿದವು.

ಗುಂಪಿನಲ್ಲಿ ಉಳಿದವರು, ಮಾಸ್ತರರಿಲ್ಲದ ಮೇಲೆ ಏನು ಕೇಳುವುದು ಎಂದು ಆಗಲೂ ಬರೆಯುತ್ತಿದ್ದರು. ಒಂದು ದಿನ ತಾಳ್ಮೆಗೆಟ್ಟು, ಎಲ್ಲ ಸದ್ದೂ ನಿಮ್ಮದೇ ಎಂದು ಜನರಿಗೆ ತಿಳಿಸಿಬಿಡುತ್ತೇನೆ ಎಂದೆ. ಅವರು ನನ್ನ ಮುಂಗೈ ಹಿಡಿದು ಕೂರಿಸಿದರು. ಆಗ ಅವರ ಮಾತು ಪಿಸುಮಾತಿಗೆ ಇಳಿದಿತ್ತು. ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಬೇಕಿತ್ತು.

"ಹೇಳಬ್ಯಾಡ್ರಿ. ಹೇಳಿದ್ರ ಮಂದಿ ಬಾಗಲಾ ಕೇಳ್ತಾರ, ಆಕಿನ್ನ ಕೇಳಂಗಿಲ್ಲ."

ಆದರೂ ಪ್ರತಿ ಸೋಮವಾರ ಅವರಿಂದ ಫೋನು ಬರುತ್ತಿತ್ತು. ಪಿಸುಮಾತನ್ನು ಅಮ್ಮನವರು ಕೇಳಿ ನನಗೆ ಹೇಳುತ್ತಿದ್ದರು: "ಸರ, ದೇವದುರ್ಗದವ್ರು ಕೇಳಿದ್ರಂತೇನು ಅಂತ ಕೇಳಾಕತ್ತಾರ್ರೀ." ಗುಂಪಿನಲ್ಲಿ ದೇವದುರ್ಗದ ಹೆಸರುಗಳಿರಲಿಲ್ಲ. ಇಲ್ಲವೆಂದೇ ನಾನು ಹೇಳಬೇಕಾಗುತ್ತಿತ್ತು. ಸುಳ್ಳು ಹೇಳಬಹುದಿತ್ತೇನೋ, ಆದರೆ ಅವರು ನನ್ನನ್ನು ಕೇಳುತ್ತಿದ್ದುದೇ ನಾನು ತಾಳೆ ನೋಡದೆ ಏನನ್ನೂ ಹೇಳುವವನಲ್ಲ ಎಂಬ ಕಾರಣಕ್ಕೆ. ತಾವು ಕಲಿಸಿದ ಹುಡುಗ, ತಾವು ಆರಿಸಿದ ದನಿಯನ್ನು ಒಮ್ಮೆ ಕೇಳಲಿ ಎಂಬುದೊಂದೇ ಆಸೆ ಅವರಿಗೆ ಉಳಿದಿತ್ತು.

ದಸರೆ ಕಳೆದು ದೀಪಾವಳಿಗೆ ಇನ್ನೂ ದಿನಗಳಿದ್ದಾಗ ಅವರು ತೀರಿಕೊಂಡರು. ಹಿಂದಿನ ಭಾನುವಾರದ ಸಂಚಿಕೆಯ ಮುದ್ರಣಕ್ಕೂ ಬಂದಿದ್ದರು. ಕುರ್ಡಿಯ ಅವರ ಹೊಲದಲ್ಲಿ, ತಂದೆಯ ಗದ್ದುಗೆಯ ಮಗ್ಗುಲಲ್ಲಿ ಸಮಾಧಿ ಮಾಡಿದರು. ಸುತ್ತ ಹತ್ತಿ ಒಡೆದು ನಿಂತಿತ್ತು. ದೇವದುರ್ಗದ ಟೆಂಪೋ ಬಂದಿತ್ತು. ಈ ಸಲ ಮಾಲೆಯನ್ನು ಸನ್ಮಾನಕ್ಕೆಂದು ಹೇಳಿ ಮರೆಸುವಂತಿರಲಿಲ್ಲ.

ವಿಭೂತಿ, ಪತ್ರಿ ಮುಗಿದು ಜನ ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕುತ್ತಿದ್ದಾಗ ಗಿರಣಿಯ ಮಾಲೀಕರು ಶಿಕ್ಷಕಿ ನಿಂತಲ್ಲಿಗೆ ನಡೆದು ಬಂದರು. ನಾನು ಪಕ್ಕದಲ್ಲಿದ್ದೆ, ಇಲ್ಲೂ ಏನಾದರೂ ಅಂದಾರೇ ಎಂದು ಅಳುಕಿದೆ. ಅವರು ಕಣ್ಣೊರೆಸಿಕೊಂಡು, ನೆಲ ನೋಡುತ್ತ ಕೇಳಿದರು: "ಟೀಚರ್ರ, ಈ ಹೊತ್ತಿನ್ಯಾಗ ಕೇಳಬಾರದು. ನೀವು ಆ ಉಸುಕಿನ ಗ್ರಹದಾಗ ಸಿಕ್ಕೊಂಡೀರಲ್ಲ, ಹೊರಗ ಬರ್ತೀರಿಲ್ಲೋ? ನಮ್ಮ ಹಮಾಲ್ರು ದಿನಾ ಕೇಳಾಕತ್ತಾರ."

ಶಿಕ್ಷಕಿ, "ಬರ್ತೀನ್ರಿ. ಮಾಸ್ತರು ದಾರಿ ಬರೆದಿಟ್ಟು ಹೋಗ್ಯಾರ" ಎಂದರು.

ನನ್ನ ವೃತ್ತಿಯ ಚಾಳಿ ಅಲ್ಲಿಯೂ ನನ್ನನ್ನು ಬಿಡಲಿಲ್ಲ. ಯಾವಾಗಿನಿಂದ ಕೇಳುತ್ತಿದ್ದೀರಿ ಎಂದು ಮಾಲೀಕರನ್ನು ಕೇಳಿದೆ.

"ಪಂಚಮಿಯಿಂದ್ರಿ. ಹಮಾಲರ ಫೋನಿಗೆ ಮಾನ್ವಿ ಮಂದಿ ಕಳಸ್ತಿದ್ರು, ಅದರಾಗ ಕೇಳ್ತಿದ್ದೆ. ಮೊದಲ ಮೂಲ್ಯಾಗ ನಿಂತು ಕೇಳಿದೆ. ಮುಂದ ಮಿಷನ್ನೂ ಬಂದ್ ಮಾಡಿಸಿದೆ, ಮೊದಲಿನಂಗ."

ಪಂಚಮಿ ಶ್ರಾವಣದ ಹಬ್ಬ. ಇವರು ಹೋದದ್ದು ಆಶ್ವಯುಜದಲ್ಲಿ. ನಡುವೆ ಗಣೇಶನ ಹಬ್ಬ, ಮಹಾಲಯ, ದಸರೆ. ಆ ಎಲ್ಲ ಸೋಮವಾರಗಳಲ್ಲಿಯೂ ಮಾನ್ವಿಯಿಂದ ಫೋನು ಬಂದಿತ್ತು, ನಾನು ಇಲ್ಲವೆಂದಿದ್ದೆ. ತಪ್ಪು ಕೇಳಿಸಿಕೊಂಡಿರಬಹುದೆಂದು ಹಮಾಲರಲ್ಲೊಬ್ಬನನ್ನೂ ಬೇರೆಯಾಗಿ ವಿಚಾರಿಸಿದೆ. ಅವನೂ ಪಂಚಮಿಯನ್ನೇ ಹೇಳಿದ. ಅಂದು ಗಿರಣಿಯಲ್ಲಿ ಉಂಡಿ ಹಂಚಿದ್ದರಿಂದ ನೆನಪಿದೆ ಎಂದ.

"ಮಾಸ್ತರರಿಗೆ ಒಂದು ಮಾತು ಹೇಳಬಾರದಿತ್ತೇ?" ಎಂದೆ.

"ಎಲ್ಲಾರ ಮುಂದ ಕೇಳಂಗಿಲ್ಲ ಅಂದು ಬಂದಿದ್ದೆ ಸರ. ಯಾವ ಮಾರಿ ಹೊತ್ಕೊಂಡು ಹೇಳ್ಲಿ? ದೀಪಾವಳಿಗೆ ಹೋಗಿ, ಕಾಲು ಬಿದ್ದು ಹೇಳೋಣ ಅಂತಿದ್ದೆ."

ಅಷ್ಟರಲ್ಲಿ ಅವರ ಸರದಿ ಬಂದಿತು. ಹೋಗಿ ಮಂಡಿಯೂರಿ, ಮಣ್ಣು ಹಿಡಿದ ಕೈಯನ್ನು ಚಾಚಿ, ಬಾಗಿ ಏನನ್ನೋ ಹೇಳತೊಡಗಿದರು. ಬಹಳ ಹೊತ್ತು ಹೇಳಿದರು. ಹಿಂದೆ ನಿಂತವರು ಅವಸರ ಮಾಡಲಿಲ್ಲ.